ಕಾಣದ ಕಡೆಗೆ ಕೊಟ್ಟ ಹಣ

ಮಕ್ಕಳು ಪರದೇಶದಲ್ಲಿ ಮನೆ ಕಟ್ಟಿಸುತ್ತಾರೆಂದರೆ ತಂದೆತಾಯಿಗಳಿಗೆ ಹಿಗ್ಗೂ ಉಂಟು, ಅಳುಕೂ ಉಂಟು. ನಮ್ಮ ಮಗ, ಸೊಸೆ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ನಿವೇಶನ ಕೊಂಡು, ತಾವೇ ಮುಂದೆ ನಿಂತು ಮನೆ ಕಟ್ಟಿಸಲು ನಿಶ್ಚಯಿಸಿದಾಗ, 2022ರ ಅಕ್ಟೋಬರ್ ತಿಂಗಳಲ್ಲಿ ನಾವು ದಂಪತಿಗಳು ಬಾಗಲಕೋಟೆಯಿಂದ ಅಲ್ಲಿಗೆ ತೆರಳಿದೆವು. ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ಆ ಮನೆಗೆಂದು ಮೀಸಲಿರಿಸಿದ್ದೆವು. ತಲಬಾಗಿಲಿಗೆ ಕೆತ್ತನೆಯ ತೇಗದ ಕದ, ಪಡಸಾಲೆಯ ನೆಲಕ್ಕೆ ನಮ್ಮ ಜಿಲ್ಲೆಯದೇ ಆದ ಇಳಕಲ್ಲಿನ ಕೆಂಪು ಗ್ರಾನೈಟು, ಇದು ನಮ್ಮ ಮನದಾಸೆಯಾಗಿತ್ತು. ಬಂದ ಅತಿಥಿಗಳು ನೋಡಿ, ಇದು ಹಿರಿಯರ ಕೊಡುಗೆಯೆಂದು ನಾಲ್ಕು ಮಾತು ಆಡಲಿ ಎಂಬ ಆಸೆಯೂ ಅದರೊಳಗೆ ಸೇರಿತ್ತೆಂಬುದನ್ನು ಮರೆಮಾಚಲಾರೆವು.

ಆಗ ಅವರು ಬಾಡಿಗೆ ಮನೆಯಲ್ಲಿದ್ದರು. ಡಿಸೆಂಬರ್ ಬಂದಿತೆಂದರೆ ಆ ಸೀಮೆಯಲ್ಲಿ ಸೂರ್ಯೋದಯಕ್ಕೆ ಎಂಟು ಗಂಟೆ ಮೀರುತ್ತದೆ. ಸಂಜೆ ನಾಲ್ಕಕ್ಕೆಲ್ಲ ಕತ್ತಲೆ ಕವಿಯುತ್ತದೆ. ಕಿಟಕಿಯ ಕೆಳಗೆ ಗೋಡೆಗೆ ರೇಡಿಯೇಟರ್ ಎಂಬ ಕಬ್ಬಿಣದ ಪೆಟ್ಟಿಗೆಗಳಿದ್ದವು. ಅವುಗಳೊಳಗೆ 60-70 ಡಿಗ್ರಿಯ ಬಿಸಿನೀರು ಹರಿಯುತ್ತಿದ್ದರೂ, ಬಿಸಿಯಾದ ಗಾಳಿ ಮೇಲಕ್ಕೇರಿ ಛಾವಣಿಯನ್ನು ಸೇರುತ್ತಿತ್ತು. ತಲೆಗೆ ಸೆಕೆ, ಪಾದಕ್ಕೆ ಮಂಜು! ಪ್ರಾತಃಕಾಲದಲ್ಲಿ ಲಿಂಗಪೂಜೆಗೆ ನೆಲದ ಮೇಲೆ ಕುಳಿತರೆ, ಎರಡು ಮಡಿಕೆಯ ಕಂಬಳಿಯನ್ನು ದಾಟಿ ಚಳಿ ಮೇಲೇರುತ್ತಿತ್ತು. ನಮ್ಮಿಬ್ಬರಲ್ಲಿ ಒಬ್ಬರಿಗೆ ಮೊಣಕಾಲಿನ ಬೇನೆ. ಪೂಜೆಯನ್ನು ಕುರ್ಚಿಯ ಮೇಲೆ ಕುಳಿತು ಮುಗಿಸುವ ದಿನಗಳು ಬಂದವು. ಮನಸ್ಸಿಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಯುದ್ಧದ ಕಾರಣದಿಂದ ಅಲ್ಲಿ ಅನಿಲದ ಬೆಲೆ ಏರಿದ್ದರಿಂದ, ಮಗ ಬಿಲ್ಲನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದನು.

ಒಂದು ಸಂಜೆ ಅವನು ಊಟದ ಮೇಜಿನ ಮೇಲೆ ಹೊಸ ಮನೆಯ ನಕ್ಷೆಯನ್ನು ಹರಡಿ ನಮಗೆ ವಿವರಿಸಿದನು. ಈ ಮನೆಯಲ್ಲಿ ಗೋಡೆಗೆ ರೇಡಿಯೇಟರ್ ಇರುವುದಿಲ್ಲ. ನೆಲದೊಳಗೆ ಪ್ಲಾಸ್ಟಿಕ್ ಕೊಳವೆಗಳನ್ನು ಸುರುಳಿ ಸುರುಳಿಯಾಗಿ ಹಾಸಿ, ಅವುಗಳಲ್ಲಿ 35 ಡಿಗ್ರಿಯ ಆಸುಪಾಸಿನ ಉಗುರುಬೆಚ್ಚನೆಯ ನೀರನ್ನು ಹರಿಸಲಾಗುವುದು. ಇಡೀ ನೆಲವೇ ಹದವಾಗಿ ಕಾಯುವುದರಿಂದ ಅಷ್ಟು ಬಿಸಿ ಸಾಕು. ನೀರು ಎಷ್ಟು ಕಡಿಮೆ ಬಿಸಿಯಿರುವುದೋ, ಅದನ್ನು ಕಾಯಿಸುವ ಹೀಟ್ ಪಂಪಿಗೆ ಅಷ್ಟು ಸುಲಭ; 1 ಪಾಲು ವಿದ್ಯುತ್ತಿಗೆ ಅದು ಹೊರಗಿನ ಗಾಳಿಯಿಂದ ಶಾಖವನ್ನು ಸೆಳೆದು 3 ಪಾಲಿಗೂ ಹೆಚ್ಚು ಶಾಖವನ್ನು ಕೊಡಬಲ್ಲದು. ಇದು ಹೊಸ ಶೋಕಿಯಲ್ಲವೆಂದು ತೋರಿಸಲು, ಬಾತ್ ನಗರದಲ್ಲಿ ರೋಮನ್ನರು ನೆಲದ ಕೆಳಗೆ ಬಿಸಿಗಾಳಿ ಸುಳಿದಾಡಲೆಂದು ನಿಲ್ಲಿಸಿದ ಇಟ್ಟಿಗೆಯ ಗಿಡ್ಡ ಕಂಬಗಳ ಚಿತ್ರವನ್ನೂ ತೋರಿಸಿದನು. ಕೊರಿಯಾ ದೇಶದವರು ಒಲೆಯ ಹೊಗೆಯನ್ನೇ ನೆಲದಡಿ ಹಾಯಿಸಿ ಮನೆ ಕಾಯಿಸುತ್ತಿದ್ದರಂತೆ.

ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಮಗ ಮೆಲ್ಲಗೆ ಇನ್ನೊಂದು ಮಾತನ್ನು ಹೊರಗೆಡಹಿದನು. ಅಂದಾಜು ಮೀರುತ್ತಿದೆ, ಕೊಳವೆಗಳ ಕೆಳಗೆ ಹಾಸುವ ಶಾಖ ತಡೆಯುವ ಫೋಮ್ ಹಲಗೆ 150 ಮಿಲಿಮೀಟರ್, ಎಂದರೆ 6 ಅಂಗುಲ ದಪ್ಪವಿರಬೇಕು, ನೀವು ಕದಕ್ಕೆ, ಗ್ರಾನೈಟಿಗೆ ಎಂದು ಇಟ್ಟ ಹಣವನ್ನು ಅದಕ್ಕೆ ಕೊಡಬಹುದೇ ಎಂದು ಕೇಳಿದನು. ನಮಗೆ ಬಹಳ ನೋವಾಯಿತು. ಆಯುಷ್ಯದ ಉಳಿತಾಯವನ್ನು ಕೊಟ್ಟು ಯಾರ ಕಣ್ಣಿಗೂ ಬೀಳದ ಹಲಗೆಯನ್ನು ಮಣ್ಣಿಗೆ ಹಾಕುವುದೇ? ಅರ್ಧ ದಪ್ಪ ಸಾಕು, ಉಳಿದುದರಲ್ಲಿ ಕದ ಮಾಡಿಸು ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆವು.

"ಅಪ್ಪಾ, ಕದಾ ಹತ್ತು ವರ್ಷ ಬಿಟ್ಟೂ ಬದಲಿಸಬಹುದು. ನೆಲದ ಕೆಳಗಿಂದು ಒಮ್ಮೆ ಮುಚ್ಚಿದ ಮ್ಯಾಲ ಮತ್ತ ತಗೀಲಿಕ್ಕೆ ಬರೂದಿಲ್ಲ" ಎಂದನು ಮಗ. ಹಲಗೆಯನ್ನು ಅರ್ಧಕ್ಕಿಳಿಸಿದರೆ ಅದರ ಮೂಲಕ ಕೆಳಕ್ಕೆ ಸೋರುವ ಶಾಖ ಹೆಚ್ಚುಕಡಿಮೆ ಇಮ್ಮಡಿಯಾಗುವುದೆಂದು ಲೆಕ್ಕ ತೋರಿಸಿದನು. ಲೆಕ್ಕ ನಮಗೆ ತಿಳಿಯಿತು, ಮನಸ್ಸು ಮಾತ್ರ ಬಾಗಲಿಲ್ಲ. ಎರಡು ದಿನ ಆ ಮನೆಯಲ್ಲಿ ಮಾತು ಕಡಿಮೆಯಾಯಿತು.

ಮೂರನೆಯ ದಿನ ಸೊಸೆ ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಸಹಜವಾಗಿ ಕೇಳಿದಳು: "ಅತ್ತೀ, ಊರಾಗ ನೀವು ರಾತ್ರಿ ಒಲಿ ಕೆಂಡ ಹ್ಯಾಂಗ ಕಾಯ್ದಿಡ್ತಿದ್ರಿ?"

"ಬೂದ್ಯಾಗ ಮುಚ್ಚಿ ಇಡ್ತಿದ್ವಿ."

"ಬೂದಿ ಕಡಿಮಿ ಬಿದ್ರ?"

"ಬೆಳಗಾಗೂದರಾಗ ಆರಿ ಹೋಗತಿತ್ತು."

"ಈ ಹಲಗಿನೂ ಬೂದಿನ ರೀ ಅತ್ತೀ" ಎಂದು ಅವಳು ನಕ್ಕಳು.

ಉತ್ತರವು ನಮ್ಮ ಬಾಯಿಂದಲೇ ಬಂದ ಮೇಲೆ ವಾದಕ್ಕೆ ಎಡೆಯೆಲ್ಲಿ? ಆ ನಾಡಿನ ನೆಲದ ಒಳಮಣ್ಣು ವರ್ಷವಿಡೀ 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಡೆಯಿಲ್ಲದೆ ಕೊಳವೆ ಹಾಸಿದರೆ ನಾವು ಕಾಯಿಸುವುದು ಮನೆಯನ್ನಲ್ಲ, ಭೂಮಿಯನ್ನು. ಅಂದೇ ರಾತ್ರಿ ಹಣವನ್ನು ಮಗನಿಗೆ ಒಪ್ಪಿಸಿದೆವು.

ಒಪ್ಪಿದ ಮೇಲೆ ನಾವೂ ಕುತೂಹಲದಿಂದ ಯೋಜನೆಯಲ್ಲಿ ಭಾಗಿಗಳಾದೆವು. ತಳದ ಕಾಂಕ್ರೀಟಿನ ಮೇಲೆ 150 ಮಿ.ಮೀ. ಹಲಗೆ, ಅದರ ಮೇಲೆ ಕೊಳವೆಗಳನ್ನು ಒಳಗೊಂಡ 75 ಮಿ.ಮೀ. ಸಿಮೆಂಟ್ ಗಾರೆ, ಒಟ್ಟು 225 ಮಿ.ಮೀ. ಈ ಎತ್ತರವನ್ನು ಮೊದಲೇ ಲೆಕ್ಕಹಾಕದಿದ್ದರೆ ಹೊಸ್ತಿಲು, ಮೆಟ್ಟಿಲು ಎಲ್ಲವೂ ತಪ್ಪುತ್ತವೆ. ಗೋಡೆಯಂಚಿಗೆ ಸುತ್ತಲೂ ಫೋಮಿನ ಪಟ್ಟಿಯನ್ನು ನಿಲ್ಲಿಸಬೇಕು. ಇಲ್ಲವಾದರೆ ಶಾಖ ಅಂಚಿನಿಂದ ಗೋಡೆಗೆ ಹರಿದು ಹೋಗುತ್ತದೆ, ಕಾದು ಹಿಗ್ಗುವ ಗಾರೆಗೂ ಎಡೆಯಿರುವುದಿಲ್ಲ. ಅಡಿಗೆ ಮನೆಯ ಸ್ಥಿರ ಕಪಾಟುಗಳ ಕೆಳಗೆ ಕೊಳವೆ ಬೇಡ. ನೆಲದ ಮೇಲೆ ದಪ್ಪ ರತ್ನಗಂಬಳಿ ಹಾಸಿದರೆ ಶಾಖ ಮೇಲೇರದು. ಕಲ್ಲು ಹಾಸಿದರೆ ಚೆನ್ನಾಗಿ ಏರುತ್ತದೆ. ಈ ಕೊನೆಯ ಮಾತನ್ನು ಕೇಳಿ ನಾವು ಮುಗುಳ್ನಕ್ಕೆವು. ಬೇರೆಡೆ 150 ಮಿ.ಮೀ. ಅಂತರದಲ್ಲಿ ಕೊಳವೆ ಹಾಸಿದರೆ ಪೂಜೆಯ ಮೂಲೆಯಲ್ಲಿ 100 ಮಿ.ಮೀ. ಅಂತರವಿರಲೆಂದು, ಅಲ್ಲಿಗೆ ಮಾತ್ರ ಇಳಕಲ್ಲಿನ ಕಲ್ಲಿರಲೆಂದು ಮಗ ನಕ್ಷೆಯಲ್ಲಿ ಬರೆದನು.

2023ರ ಮಾರ್ಚಿನಲ್ಲಿ, ನಾವು ಮರಳುವ ಮುನ್ನ, ಕೊಳವೆಗಳನ್ನು ಹಾಸಿದರು. ಗಾರೆ ಸುರಿಯುವ ಮೊದಲು ಅವುಗಳಲ್ಲಿ ನೀರು ತುಂಬಿ, ಒತ್ತಡ ಕೊಟ್ಟು ರಾತ್ರಿಯೆಲ್ಲ ಬಿಟ್ಟರು. ಮುಂಜಾನೆ ನೋಡಿದರೆ ಮಾಪಕದ ಮುಳ್ಳು ಕೆಳಗಿಳಿದಿತ್ತು! ಯಾವುದೋ ಚೂಪಾದ ಉಪಕರಣ ತಗುಲಿ ಒಂದು ಸುರುಳಿಗೆ ಗಾಯವಾಗಿತ್ತು. ಗಾರೆಯ ಕೆಳಗೆ ಬೆಸುಗೆ ಇರಬಾರದೆಂದು ಆ ಸುರುಳಿಯನ್ನೇ ಕಿತ್ತು, 80 ಮೀಟರಿನ ಹೊಸದೊಂದನ್ನು ಹಾಸಿದರು. ಒಂದು ದಿನ ತಡವಾಯಿತು, ಅಷ್ಟೆ. ಗಾರೆ ಬಿದ್ದ ಮೇಲೆ ಅದು ತಿಳಿದಿದ್ದರೆ ನೆಲವನ್ನೇ ಅಗೆಯಬೇಕಾಗುತ್ತಿತ್ತು. ಗಾರೆಗೂ ಅವಸರ ಸಲ್ಲದು: ದಿನಕ್ಕೆ ಸುಮಾರು 1 ಮಿ.ಮೀ. ಲೆಕ್ಕದಲ್ಲಿ ಅದು ಒಣಗುತ್ತದೆ, 50 ಮಿ.ಮೀ. ದಾಟಿದರೆ ಇನ್ನೂ ನಿಧಾನ. ಬೇಗ ಒಣಗಲೆಂದು ಒಮ್ಮೆಲೇ ಬಿಸಿನೀರು ಹರಿಸಿದರೆ ಬಿರುಕು ಬಿಡುತ್ತದೆ.

2024ರ ಡಿಸೆಂಬರಿನಲ್ಲಿ ಮತ್ತೆ ಹೋದೆವು. ತಲಬಾಗಿಲಿನ ಕದ ಸಾಧಾರಣದ್ದು. ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ನಸುಕಿನಲ್ಲಿ ಸ್ನಾನ ಮುಗಿಸಿ ಪೂಜೆಯ ಮೂಲೆಗೆ ಬಂದು, ಕಲ್ಲಿನ ಮೇಲೆ ಅಂಗೈಯಿಟ್ಟೆವು. ಬಿಸಿಯೆನಿಸಲಿಲ್ಲ, ತಣ್ಣಗೆಂದೂ ಎನಿಸಲಿಲ್ಲ. ವಾಸದ ಕೋಣೆಯ ನೆಲ 29 ಡಿಗ್ರಿಯನ್ನು ಮೀರಬಾರದೆಂಬುದು ಅಲ್ಲಿನ ನಿಯಮವಂತೆ. ತೆಳುವಾದ ಒಂದು ಮಣೆಯನ್ನು ಹಾಕಿಕೊಂಡು ಇಬ್ಬರೂ ನೆಲದ ಮೇಲೆ ಕುಳಿತು ಪೂಜೆ ಮುಗಿಸಿದೆವು. ಕುರ್ಚಿಯ ನೆನಪಾಗಲಿಲ್ಲ. ಮನೆಗೆ ಬಂದವರಾರೂ ನಮ್ಮ ಕೊಡುಗೆಯ ಮಾತೆತ್ತಲಿಲ್ಲ. ಅದು ಎಲ್ಲಿದೆಯೆಂದು ನಮ್ಮ ಪಾದಗಳಿಗೆ ಗೊತ್ತಿತ್ತು.

ಊರಿಗೆ ಮರಳಿದ ಮೇಲೆ ನಮ್ಮ ತಪ್ಪೂ ನಮಗೆ ಕಾಣಿಸಿತು. ಹಿರಿಯರು ಕಟ್ಟಿದ್ದ ಮನೆಗೆ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಇತ್ತು. ಏಪ್ರಿಲಿನ 40 ಡಿಗ್ರಿಯ ಬಿಸಿಲಿಗೂ ಒಳಗೆ ತಂಪಿತ್ತು. ಮಳೆಗಾಲದ ಸೋರಿಕೆಗೆ ಬೇಸತ್ತು 1994ರಲ್ಲಿ ಅದನ್ನು ಕೆಡವಿಸಿ ಕಾಂಕ್ರೀಟ್ ಛಾವಣಿ ಹಾಕಿಸಿದೆವು. ಆ ಮಣ್ಣು ಬರಿಯ ಮಣ್ಣಲ್ಲ, ಶಾಖವನ್ನು ತಡೆಯುವ ಪದರವೆಂಬ ಅರಿವು ಆಗ ನಮಗಿರಲಿಲ್ಲ. ಮೂವತ್ತು ಬೇಸಿಗೆ ಹಗಲೆಲ್ಲ ಕಾದ ಕಾಂಕ್ರೀಟಿನ ಕೆಳಗೆ ರಾತ್ರಿ ಬೆವರುತ್ತ ಮಲಗಿದೆವು. 2025ರ ಬೇಸಿಗೆಗೆ ಮುಂಚೆ ಛಾವಣಿಯ ಮೇಲೆ ಫೋಮ್ ಹಲಗೆ ಹಾಸಿಸಿ, ಗಾರೆ ಹಾಕಿಸಿ, ಬಿಳಿಯ ಹಂಚಿನ ಚೂರುಗಳನ್ನು ಕೂಡಿಸಿದೆವು. ಆ ಬೇಸಿಗೆಯಲ್ಲಿ ರಾತ್ರಿ ನಿದ್ರೆ ಬಂದಿತು. ಚಳಿಯನ್ನು ತಡೆಯುವುದೂ ಬಿಸಿಲನ್ನು ತಡೆಯುವುದೂ ಒಂದೇ ವಿದ್ಯೆ.

ಮನೆ ಕಟ್ಟಿಸುವ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಮಗನೋ ಮಗಳೋ ನಕ್ಷೆ ಹರಡಿ, ಕಣ್ಣಿಗೆ ಕಾಣದ ಪದರಕ್ಕೆ ಹಣ ಕೇಳಿದರೆ ಮುನಿಯಬೇಡಿರಿ. ಕದ, ಕಲ್ಲು, ಬಣ್ಣಗಳು ಮುಂದೆಯೂ ಆಗುತ್ತವೆ. ನೆಲದ ಕೆಳಗೆ, ಛಾವಣಿಯ ಮೇಲೆ ಆಗಬೇಕಾದುದು ಮೊದಲೇ ಆಗಬೇಕು. ನಾವು ಎರಡು ದಿನ ಮುನಿದುಕೊಂಡಿದ್ದೆವು. ಸೊಸೆ ಬೂದಿಯ ಮಾತನ್ನು ಎತ್ತದಿದ್ದರೆ ಇನ್ನೆಷ್ಟು ದಿನ ಮುನಿಯುತ್ತಿದ್ದೆವೋ!