ಬೇರೆಯಾದರೆ ಹಾಸುಗಲ್ಲು, ಬೆರೆತರೆ ಸಿಮೆಂಟ್

ನೋಡಿಕೊಂಡು ಇಳಿಯಿರಿ, ಮೆಟ್ಟಿಲು ಸವೆದಿವೆ. ಕಲಬುರಗಿ ಜಿಲ್ಲೆಯ ಶಹಾಬಾದ್ ಸೀಮೆಯ ಫರ್ಸಿಕಲ್ಲಿನ ಗಣಿ ಇದು. ಮೇಲೆ ತೊಗರಿ ಹೊಲ, ಅದರಡಿ ಕಪ್ಪು ಎರೆಮಣ್ಣು, ಅದಕ್ಕೂ ಕೆಳಗೆ ಬೂದು ಬಣ್ಣದ ಕಲ್ಲು. ಹತ್ತಿರ ಹೋದರೆ ಆ ಕಲ್ಲು ಒಂದೇ ಅಲ್ಲವೆಂದು ತಿಳಿಯುತ್ತದೆ. ಎರಡು ಬೆರಳು ದಪ್ಪದ್ದು, ಮೂರು ಬೆರಳು ದಪ್ಪದ್ದು, ಹಾಸಿನ ಮೇಲೆ ಹಾಸು.

“ಅಲ್ಲಿ ನಿಂದ್ರಬ್ಯಾಡ್ರಿ ಸರ್, ಕಲ್ಲು ಏಳ್ತದ.”

ಸರಿದು ನಿಲ್ಲುತ್ತೀರಿ. ಕೆಲಸಗಾರರು ಸಂದಿಗೆ ಉಳಿ ಇಟ್ಟು ಸಾಲಾಗಿ ಬಡಿಯುತ್ತಾರೆ. ಠಣ್ ಎನ್ನುತ್ತಿದ್ದ ಸದ್ದು ತಟ್ಟನೆ ಟೊಳ್ಳಾಗುತ್ತದೆ. ಹಾರೆ ಮೀಟಿದೊಡನೆ ಚಾಪೆಯಗಲದ ಹಾಸು ಮೇಲೇಳುತ್ತದೆ. ಅದರ ತಳ ಸವರಿ ನೋಡಿ, ಬೆರಳಿಗೆ ನುಣುಪು ಪುಡಿ. ಅದು ಜೇಡಿ.

ನೀವೀಗ ನಿಂತಿರುವುದು ಆಳವಿಲ್ಲದ ಸಮುದ್ರವೊಂದರ ತಳದಲ್ಲಿ. ಚಿಪ್ಪು ಹುಡುಕಬೇಡಿ, ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲಿನ ನೀರು ಅದು. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ನುಣ್ಣನೆಯ ಸುಣ್ಣದ ಕೆಸರಾಗಿ ಇಳಿಯಿತು. ನಡುನಡುವೆ ನೆಲದಿಂದ ಬಂದ ಜೇಡಿ ತೆಳುವಾಗಿ ಹರಡಿತು. ಮೇಲಿನ ಭಾರಕ್ಕೆ ಕೆಸರು ಬಿಗಿದು ಸುಣ್ಣದಕಲ್ಲಾಯಿತು. ಜೇಡಿಯ ಪೊರೆ ಮಾತ್ರ ದುರ್ಬಲವಾಗಿಯೇ ಉಳಿಯಿತು. ಉಳಿ ಹುಡುಕುವುದು ಅದನ್ನೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಲಾವಾ ಇದರ ಮೇಲೂ ಹರಿಯಿತು; ಅದು ಸವೆದು ಆದದ್ದೇ ಈ ಎರೆಮಣ್ಣು.

ಚೂರೊಂದರ ಮೇಲೆ ಬಚ್ಚಲು ತೊಳೆಯುವ ಆಸಿಡ್‌ನ ಹನಿ ಬಿಟ್ಟರೆ ಸುರ್ರೆಂದು ನೊರೆ ಏಳುತ್ತದೆ. ಹೊರಬೀಳುವುದು ಇಂಗಾಲದ ಡೈಆಕ್ಸೈಡ್. ಫರ್ಸಿ ಹಾಸಿದ ಮನೆಯಲ್ಲಿ ನಿಂಬೆರಸ ಚೆಲ್ಲಿದರೆ ಕಲೆ ನಿಲ್ಲುವುದೂ ಇದರಿಂದಲೇ.

ಹಾಸುಗಳು ಲಾರಿ ಏರುತ್ತವೆ. ನಡುಮನೆ, ಕಟ್ಟೆ, ಅಡುಗೆಮನೆಯ ಹಲಗೆ, ರೈಲು ನಿಲ್ದಾಣ, ಎಲ್ಲಿಗಾದರೂ ಹೋದಾವು. ಇದೇ ಜಿಲ್ಲೆಯ ಭೀಮಾ ನದಿ ತೀರದ ಸನ್ನತಿ, ಕನಗನಹಳ್ಳಿಗಳಲ್ಲಿ ಬೌದ್ಧ ಶಿಲ್ಪಿಗಳಿಗೂ ಸುಣ್ಣದಕಲ್ಲೇ ಒದಗಿತು. ಅಶೋಕನ ಹೆಸರು ಕೊರೆದ ಅವನ ಉಬ್ಬುಚಿತ್ರ ಸಿಕ್ಕಿದ್ದು ಕನಗನಹಳ್ಳಿಯಲ್ಲಿ.

ಕಾಲಡಿ ನೆಲ ನಡುಗುತ್ತದೆ. ಹೆದರಬೇಡಿ, ಸಿಮೆಂಟ್ ಕಾರ್ಖಾನೆಯ ಗಣಿಯಲ್ಲಿ ಮದ್ದು ಹಾರಿಸಿದ್ದಾರೆ. ಅಲ್ಲಿ ಪದರ ಯಾರಿಗೂ ಬೇಡ. ಸುಣ್ಣದಕಲ್ಲನ್ನೂ ಜೇಡಿಯ ಅಂಶವನ್ನೂ ಒಟ್ಟಿಗೆ ಅರೆದು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನ 100 ಗ್ರಾಂನಲ್ಲಿ 44 ಗ್ರಾಂ ಅನಿಲವಾಗಿ ಚಿಮಣಿ ಏರುತ್ತದೆ. ಉಳಿದ ಸುಣ್ಣ ಜೇಡಿಯೊಡನೆ ಬೆಸೆದು ಸಿಮೆಂಟಿನ ಮೂಲವಾದ ಕ್ಲಿಂಕರ್ ಆಗುತ್ತದೆ. ಇಲ್ಲಿ ಕಲ್ಲನ್ನು ಕಲ್ಲಿನಿಂದ ಬಿಡಿಸುವ ಜೇಡಿಯೇ, ಅಲ್ಲಿ ಬೆಂದ ಮೇಲೆ, ಕಲ್ಲನ್ನು ಕಲ್ಲಿಗೆ ಅಂಟಿಸುವ ಕೆಲಸಕ್ಕೆ ನಿಲ್ಲುತ್ತದೆ.