ಲೈನು ಬಿಡದ ಫೋನು

ಆಂಧ್ರ ಗಡಿಯ ಎಮ್ಮಿಗನೂರಿನ ಹತ್ತಿ ಮಿಲ್ಲುಗಳಲ್ಲಿ ಫೋನೆತ್ತುವ ರೀತಿಯೇ ಬೇರೆ. ಹಲೋ ಅನ್ನುವುದು ತೆಲುಗಿನಲ್ಲಿ, ದನಿ ಗುರುತು ಸಿಕ್ಕಿದೊಡನೆ ಕನ್ನಡ, ಹೊರಗಿನ ವ್ಯಾಪಾರಿ ರೇಟು ಕೇಳಿದರೆ ಹಿಂದಿ. ಕಂಪ್ಯೂಟರಿಗೆ ಫೋನ್ ಲೈನು ಜೋಡಿಸುವ ಕಾರ್ಡನ್ನು ನಡೆಸುವ ಲಿನಕ್ಸಿನ ಡ್ರೈವರ್ ಕೂಡ ಇಂಥ ಗಡಿಯೂರಿನ ಆಸಾಮಿಯೇ: ಆ ಕಡೆ ಟೆಲಿಫೋನ್ ತಂತಿ, ಈ ಕಡೆ ಕಂಪ್ಯೂಟರ್, ಎರಡರ ಮಾತೂ ಬಲ್ಲವನು.

ಈತನ ಕುಲಗೋತ್ರವೂ ಸ್ವಾರಸ್ಯವೇ. ಮೂಲಪುರುಷ ಅಮೆರಿಕದ ಜಿಮ್ ಡಿಕ್ಸನ್. ಟೆಲಿಫೋನ್ ಕಾರ್ಡುಗಳ ದುಬಾರಿ ಬೆಲೆಗೆ ರೋಸಿ, ತಾವೇ ಕಾರ್ಡು ಮಾಡಿ, ಆ ಸಾಹಸಕ್ಕೆ ಮೆಕ್ಸಿಕೋದ ಬಂಡಾಯಗಾರ ಸಪಾಟನ ಹೆಸರಿಟ್ಟರು. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರುಮಾಡಿದ, ಕಂಪ್ಯೂಟರನ್ನೇ ಆಫೀಸಿನ ಎಕ್ಸ್‌ಚೇಂಜು ಮಾಡುವ ಆಸ್ಟರಿಸ್ಕ್ ತಂತ್ರಾಂಶದ ಜೊತೆ ಅದರ ಸಂಬಂಧ ಕುದುರಿತು. ಡ್ರೈವರಿನ ಹೆಸರು ಜ್ಯಾಪ್‌ಟೆಲ್. ಆ ಹೆಸರು ಮೊದಲೇ ಬೇರೆಯವರ ಟ್ರೇಡ್‌ಮಾರ್ಕ್ ಆಗಿದ್ದರಿಂದ 2008ರಲ್ಲಿ ಡಾಡಿ ಎಂದು ಮರುನಾಮಕರಣವಾಯಿತು. ಅಂದಹಾಗೆ ಇಂಥ ಸಾಹಸದಲ್ಲಿ ನಮ್ಮವರೂ ಹಿಂದೆ ಬಿದ್ದವರಲ್ಲ. ಏಸಿ ಇಲ್ಲದೆಯೂ ಧೂಳು, ಸೆಕೆ ತಾಳುವ, ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಹಳ್ಳಿ ಎಕ್ಸ್‌ಚೇಂಜು 1986ರಲ್ಲೇ ನಮ್ಮ ಕಿತ್ತೂರಿನಲ್ಲಿ ಕೆಲಸ ಶುರುಮಾಡಿತ್ತು.

ಇರಲಿ, ಮಿಲ್ಲಿಗೆ ಬರೋಣ. ಪರಿಚಯದ ಸಾವ್ಕಾರರ ಆಫೀಸಿನಲ್ಲಿ ನಾಲ್ಕು ಲೈನಿನ ಒಂದು ಕಾರ್ಡು. ಆ ಕಡೆಯವರು ಫೋನಿಟ್ಟು ಊಟ ಮುಗಿಸಿದರೂ ಇದು ಮಾತ್ರ ಲೈನು ಬಿಡುತ್ತಿರಲಿಲ್ಲ. “ಕಾರ್ಡ್ ಹೋಗೇತ್ರೀ ಸಾರ್, ಹೊಸದು ತರಿಸ್ಬಿಡ್ರಿ” ಅಂತ ಗುಮಾಸ್ತರ ತೀರ್ಪು. ನೋಡಿದರೆ ಕಂಪ್ಯೂಟರಿನೊಳಗಿನ ಕಾರ್ಡುಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡಿದೆ, ಡ್ರೈವರ್ ಅದಕ್ಕೆ ಅಂಟಿಕೊಂಡೇ ಇದೆ. ಇಂಟರಪ್ಟ್ ಲೆಕ್ಕವನ್ನೂ ನೋಡಿದೆ. ಈ ಜಾತಿಯ ಕಾರ್ಡು ಸೆಕೆಂಡಿಗೆ 1000 ಸಲ ಪ್ರೊಸೆಸರನ್ನು ತಟ್ಟಿ ಎಬ್ಬಿಸುತ್ತದೆ. ಅದೇ ಇಂಟರಪ್ಟನ್ನು ಹಾರ್ಡ್ ಡಿಸ್ಕೂ ಹಂಚಿಕೊಂಡರೆ ದನಿ ತುಂಡು ತುಂಡಾಗುವುದುಂಟು. ಇಲ್ಲಿ ಆ ಜಗಳವೂ ಇರಲಿಲ್ಲ.

ತಪ್ಪಿದ್ದದ್ದು ರೀತಿ ರಿವಾಜಿನಲ್ಲಿ. ನಮ್ಮ ಎಕ್ಸ್‌ಚೇಂಜು ಆಚೆಯವರು ಇಟ್ಟ ಮೇಲೆ ಎಂಗೇಜ್ ಟೋನ್ ಕೊಡುತ್ತದೆ: ಮುಕ್ಕಾಲು ಸೆಕೆಂಡು ಸದ್ದು, ಮುಕ್ಕಾಲು ಸೆಕೆಂಡು ಮೌನ. ಅಮೆರಿಕದಲ್ಲಿ ಎರಡೂ ಅರ್ಧರ್ಧ ಸೆಕೆಂಡು. ಆಸ್ಟರಿಸ್ಕ್ ಆ ತಾಳಕ್ಕೇ ಕಿವಿಗೊಟ್ಟು ಕೂತಿತ್ತು. ಅದರ ಸೆಟ್ಟಿಂಗಿನಲ್ಲಿ ‘ಬಿಜಿಪ್ಯಾಟರ್ನ್’ ಎಂಬ ಕಡೆ 750, 750 ಎಂದು ಬರೆದದ್ದೇ ತಡ, ಲೈನು ತಂತಾನೇ ಬಿಡತೊಡಗಿತು. ಕರೆದವರ ನಂಬರು ತೋರಿಸುವುದಕ್ಕೂ ನಮ್ಮ ಪದ್ಧತಿ ಬೇರೆ. ಅದಕ್ಕೆಂದೇ ಆಸ್ಟರಿಸ್ಕಿನಲ್ಲಿ ಭಾರತದ ಹೆಸರಲ್ಲೊಂದು ಆಯ್ಕೆಯೂ ಉಂಟು. ಇವು ಹೊಂದದಿದ್ದರೆ ಬೈಸಿಕೊಳ್ಳುವುದು ಮಾತ್ರ ಕಾರ್ಡು.

ಇನ್ನೊಂದು ಪೀಡೆ ಲಿನಕ್ಸಿನ ತಿರುಳಾದ ಕರ್ನಲ್‌ನ ಅಪ್‌ಡೇಟ್. ಹಳೆಯ ಕರ್ನಲ್‌ಗೆ ಕಟ್ಟಿದ ಡ್ರೈವರನ್ನು ಹೊಸದು ಒಳಗೆ ಬಿಟ್ಟುಕೊಳ್ಳದು. ಮತ್ತೆ ಕಂಪೈಲ್ ಮಾಡಬೇಕು. ಡಿಕೆಎಂಎಸ್ ಎಂಬ ಸಲಕರಣೆ ಹಾಕಿಟ್ಟರೆ ಆ ಕೆಲಸ ತಾನಾಗಿಯೇ ನಡೆಯುತ್ತದೆ. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಹತ್ತಿ ರೇಟು ಕೇಳುವವರಿಗೆ ಉತ್ತರ ಕೊಡಲು ಫೋನೇ ಇರುವುದಿಲ್ಲ.

“ಎಲ್ಲರ ಕೈಯಲ್ಲೂ ಮೊಬೈಲಿದೆ, ಇಷ್ಟೆಲ್ಲ ಯಾಕ್ರೀ ಸಾವ್ಕಾರ್ರೇ?” ಎಂದು ಕೇಳಿಯೇಬಿಟ್ಟೆ. ಅವರು ಗಲ್ಲಾಪೆಟ್ಟಿಗೆಯ ಹಿಂದಿನ ರಾಶಿ ತೋರಿಸಿದರು: “ಇದೇ ನಂಬರಿನ ಬಿಲ್ ಬುಕ್ಕು ಇನ್ನೂ ಅಷ್ಟು ಉಳಿದಾವಲ್ರೀ.”