ದೋಣಿಮನೆಯ ನಾಯಿಮರಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ತೇಲುವ ನ್ಯಾರೋಬೋಟ್‌ಗಳ ಅಗಲ ಸುಮಾರು 7 ಅಡಿ ಅಷ್ಟೇ. ವರ್ಷವಿಡೀ ಅದರಲ್ಲೇ ಸಂಸಾರ ಹೂಡಿದವರಿದ್ದಾರೆ. ಅಂಥವರು ನಾಯಿಮರಿ ತಂದರೆ ಮೊದಲ ಪಾಠ ಶೌಚದ್ದು.

ಎರಡು ತಿಂಗಳ ಮರಿ ಎರಡು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು. ನಿದ್ದೆಯಿಂದ ಎದ್ದೊಡನೆ, ಉಂಡೊಡನೆ ಹೊರಗೊಯ್ಯಬೇಕು. ಕಾಲುವೆಯ ಪಕ್ಕದಲ್ಲೇ ಹಿಂದೆ ದೋಣಿ ಎಳೆಯುತ್ತಿದ್ದ ಕುದುರೆಗಳ ಹಾದಿ ಇದೆ. ದೋಣಿ ಕಟ್ಟಿರುವಾಗ ಚಿಂತೆಯಿಲ್ಲ.

ಫಜೀತಿ ಇರುವುದು ದೋಣಿಯನ್ನು ಏರಿಳಿಸುವ ಲಾಕ್‌ಗಳಲ್ಲಿ. ಡಿವೈಸಸ್ ಊರಿನ ಬಳಿಯ ಕೇನ್ ಹಿಲ್‌ನಲ್ಲಿ 2 ಮೈಲಿಯೊಳಗೆ 29 ಲಾಕ್‌ಗಳು. ದಾಟಲು ಐದಾರು ಗಂಟೆ. 1810ರಿಂದಲೂ ಕ್ರಮ ಒಂದೇ: ತೂಬೆತ್ತಿ ನೀರು ಬಿಟ್ಟಂತೆ ದೋಣಿ ಬಾವಿಗಿಳಿದ ಹಾಗೆ ಇಳಿಯುತ್ತದೆ. ಸುತ್ತ ಪಾಚಿಗೋಡೆ. ಅವಸರವಾದ ಮರಿ ಆಗ ದಡಕ್ಕೆ ಹಾರಹೋದರೆ ಗೋಡೆಗೂ ದೋಣಿಗೂ ನಡುವೆ ಸಿಕ್ಕಿ ಜೀವವೇ ಹೋದೀತು.

ಅದಕ್ಕೇ ಬಲ್ಲವರು ದೋಣಿಯ ಮುಂಭಾಗದಲ್ಲಿ ಅಗಲವಾದ ತಟ್ಟೆಯೊಂದರಲ್ಲಿ ಮಣ್ಣುಸಹಿತ ಹುಲ್ಲುಹಾಸು ಇಟ್ಟು, ಮರಿಯ ಮೂತ್ರ ಒರೆಸಿದ ಬಟ್ಟೆಯನ್ನು ಅದಕ್ಕೆ ಸವರುತ್ತಾರೆ. ಮೂಗು ತೋರಿಸಿದಲ್ಲೇ ಮರಿ ಕೂರುವುದು. ಒಳಗೆ ಗಲೀಜಾದರೆ ಅಮೋನಿಯ ಬೆರೆತ ದ್ರಾವಣದಿಂದ ಒರೆಸಬಾರದು. ಅದರ ವಾಸನೆ ಮೂತ್ರದ್ದನ್ನೇ ಹೋಲುತ್ತದೆ. ಕಿಣ್ವವಿರುವ ಮಾರ್ಜಕ ವಾಸಿ. ಗದರಿದರೆ ಮರಿ ಕಲಿಯುವುದು ಕದ್ದು ಮಾಡುವುದನ್ನಷ್ಟೇ. ಏಳಡಿಯ ಮನೆಯಲ್ಲೂ ಮಂಚದಡಿ ಜಾಗಕ್ಕೇನು ಬರ!